ನೀರಗಂಟಿಯನ್ನು ಅಳಿಸಿದವರು ಯಾರು?

ಕೆರೆಗಳ ಬಗ್ಗೆ ನಮ್ಮ ಬಡಾವಣೆಯ ಹಿರಿಯರಿಂದ ಬರೆಸಿ ಪುಸ್ತಕ ಮಾಡಬೇಕು ಅಂತ ಆರು ಜನ ಸೇರಿ ಒಂದು ವರ್ಷವಾಯಿತು. ಧರ್ಮಾಂಬುಧಿ ಕೆರೆ ಇದ್ದಲ್ಲಿ ಮೆಜೆಸ್ಟಿಕ್ ಬಸ್ ನಿಲ್ದಾಣ ಬಂತು, ಸಂಪಂಗಿ ಕೆರೆಯ ಜಾಗದಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು, ಇಷ್ಟು ಬೆಂಗಳೂರಿನವರಿಗೆಲ್ಲ ಗೊತ್ತು. ಕೆರೆ ನೀರನ್ನು ಹಂಚುತ್ತಿದ್ದುದು ಹೇಗೆ ಅನ್ನೋದನ್ನು ಹಿರಿಯರೇ ಹೇಳಬೇಕು. ಎಂಬತ್ತು ದಾಟಿದ ಒಬ್ಬರು, ತೂಬು ಎತ್ತಿ ಸರದಿಯ ಮೇಲೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರಗಂಟಿಯ ಬಗ್ಗೆ ಮೂರು ಪುಟ ಕೈಯಲ್ಲೇ ಬರೆದುಕೊಟ್ಟರು. ಅದು ಟೈಪಾಗಿ, ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ಹೋಗಿ, ‘ಅಂತಿಮ’ ಅನ್ನೋ ಹೆಸರಿನ ಹತ್ತಾರು ಫೈಲುಗಳಾಯಿತು. ಕರಡು ಕೈಗೆ ಬಂದಾಗ ನೀರಗಂಟಿ ಇರಲಿಲ್ಲ, ‘ಕಾವಲುಗಾರ’ ಇದ್ದ.

“ಇದು ನಾನು ಬರೆದದ್ದಲ್ಲಪ್ಪ” ಅಂದರು ಅವರು. ಬದಲಿಸಿದ್ದು ಯಾರು, ಯಾವಾಗ, ಯಾಕೆ? ನಮ್ಮಲ್ಲಿ ಒಬ್ಬರಿಗೂ ಹೇಳಲಾಗಲಿಲ್ಲ. ನನಗೆ ಇವತ್ತಿಗೂ ಅದರ ನೋವಿದೆ.

ಗುಂಪಿನ ಸಾಫ್ಟ್‌ವೇರ್ ಹುಡುಗರು ಫೈಲಿನ ಬದಲಾವಣೆಗಳನ್ನೆಲ್ಲ ದಾಖಲಿಸಿಡುವ ಗಿಟ್ ಅನ್ನೋ ತಂತ್ರಾಂಶ ಬಳಸೋಣ ಅಂದರು. ಲಿನಸ್ ಟೊರ್ವಾಲ್ಡ್ಸ್ 2005ರಲ್ಲಿ ಲಿನಕ್ಸ್ ಅನ್ನೋ ಕಂಪ್ಯೂಟರ್ ಕಾರ್ಯಾಚರಣೆ ವ್ಯವಸ್ಥೆಯ ತಿರುಳಿನ (ಕರ್ನಲ್) ಕೆಲಸಕ್ಕೆ ಅಂತ ಬರೆದದ್ದು ಅದು. ಬದಲಾವಣೆಯನ್ನು ಸಾಲು ಸಾಲಾಗಿ ತೋರಿಸುತ್ತದೆ. ನಮ್ಮ ಬರಹದಲ್ಲಿ ಒಂದು ಪ್ಯಾರಾ ಪೂರ್ತಿ ಒಂದೇ ಸಾಲು, ಹಾಗಾಗಿ ಒಂದು ಅಲ್ಪವಿರಾಮ ತೆಗೆದರೂ ಇಡೀ ಪ್ಯಾರಾ ಬದಲಾದಂತೆ ಕಾಣುತ್ತದೆ. ಒಂದು ವಾಕ್ಯಕ್ಕೆ ಒಂದು ಸಾಲು ಅಂತ ಮುರಿದು ಮಾರ್ಕ್‌ಡೌನ್ ಅನ್ನೋ ಸರಳ ಪಠ್ಯದ ರೂಪದಲ್ಲಿ ಬರೆದರೆ ಈ ತೊಂದರೆ ತಪ್ಪುತ್ತದೆ, ಅಚ್ಚಿಗೆ ಹೋಗುವಾಗ ಸಾಲುಗಳು ಮತ್ತೆ ಕೂಡಿಕೊಳ್ಳುತ್ತವೆ. ವರ್ಡ್ ಫೈಲನ್ನು ಹಾಗೇ ಇಟ್ಟರೆ ಉಪಯೋಗವಿಲ್ಲ. ಅದು ಒಳಗೆ ಕುಗ್ಗಿಸಿ ಕಟ್ಟಿದ ಗಂಟು, ಬದಲಾಗಿದೆ ಅಂತ ಗಿಟ್ ಹೇಳುತ್ತದೆಯೇ ಹೊರತು ಯಾವ ಪದ ಅಂತ ತೋರಿಸುವುದಿಲ್ಲ.

ಕನ್ನಡಕ್ಕೇ ಅಂಟಿದ ಇನ್ನೊಂದು ತೊಡಕಿದೆ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ ಮತ್ತು ಊಕಾರದ ಚಿಹ್ನೆಗಳನ್ನು ಕೂಡಿಸಿಯೂ ಇಡಬಹುದು. ಕಣ್ಣಿಗೆ ಎರಡೂ ಒಂದೇ, ಗಿಟ್‌ಗೆ ಬೇರೆ ಬೇರೆ. ಎಲ್ಲರ ಪಠ್ಯವನ್ನೂ ಮೊದಲು ಒಂದೇ ರೂಪಕ್ಕೆ ತರದಿದ್ದರೆ, ಯಾರೂ ಮುಟ್ಟದ ಪದಗಳೂ ತಿದ್ದಿದಂತೆ ಕಾಣುತ್ತವೆ.

ಇಷ್ಟಾದರೂ ‘ಎಲ್ಲರೂ ಗಿಟ್ ಕಲಿಯಲಿ’ ಅನ್ನೋ ಮಾತನ್ನು ನಾನು ಒಪ್ಪಲಿಲ್ಲ, ಒಪ್ಪೋದೂ ಇಲ್ಲ. ಆ ಹಿರಿಯರ ಮುಂದೆ ಕಮಿಟ್, ಬ್ರಾಂಚ್, ಮರ್ಜ್ ಅಂತ ಶುರು ಮಾಡಿದರೆ ಅವರು ಪೆನ್ನು ಕೆಳಗಿಡುತ್ತಾರೆ. ನಮಗೆ ಬೇಕಾದದ್ದು ಅವರ ಬರಹ. ಗೂಗಲ್ ಡಾಕ್ಸ್ ಅವರ ಮೊಮ್ಮಗಳಿಗೆ ಬರುತ್ತದೆ, ಅವಳು ಓದಿ ಹೇಳುತ್ತಾಳೆ. ಅಲ್ಲಿ ನೇರವಾಗಿ ತಿದ್ದುವ ಅಧಿಕಾರ ನಮಗ್ಯಾರಿಗೂ ಇಲ್ಲ, ಸಲಹೆ ಮಾತ್ರ ಕೊಡಬಹುದು. ಒಪ್ಪೋದು ಬಿಡೋದು ಅವರಿಗೆ ಸೇರಿದ್ದು. ಅವರು ಒಪ್ಪಿದ ಅಧ್ಯಾಯವನ್ನು ನಮ್ಮ ಗುಂಪಿನ ಇಬ್ಬರು ಗಿಟ್‌ಗೆ ಸೇರಿಸುತ್ತಾರೆ. ಆಮೇಲೆ ಒಂದು ಪದ ಬದಲಾಗಬೇಕಾದರೂ ಅವರನ್ನು ಕೇಳಿ, ಕಾರಣವನ್ನು ಕನ್ನಡದಲ್ಲೇ ಬರೆಯಬೇಕು. ಯಾರು, ಯಾವಾಗ ಅನ್ನೋದನ್ನು ಡಾಕ್ಸ್ ಕೂಡ ಹೇಳುತ್ತದೆ. ಯಾಕೆ ಅನ್ನೋದನ್ನು ಮನುಷ್ಯರೇ ಬರೆದಿಡಬೇಕು.

ಆ ಅಧ್ಯಾಯದ ಮೊದಲ ತಿದ್ದುಪಡಿಯ ಟಿಪ್ಪಣಿ ಹೀಗಿದೆ: “ಕಾವಲುಗಾರ ತೆಗೆದು ನೀರಗಂಟಿ ಹಾಕಿದೆ. ಲೇಖಕರ ಪದ. ಕೈಬರಹದ ಎರಡನೇ ಪುಟ ನೋಡಿ.”

ಇನ್ನೂ ನಾಲ್ಕು ಅಧ್ಯಾಯ ಹಳೆಯ ನುಡಿ ಫಾಂಟಿನಲ್ಲೇ ಇವೆ. ಯೂನಿಕೋಡ್‌ಗೆ ತಂದು ಕೈಬರಹದ ಜೊತೆ ಪದಪದವಾಗಿ ಹೋಲಿಸಬೇಕು. ಭಾನುವಾರ ಎರಡು ಗಂಟೆ ಬಿಡುವಿರುವವರು ದಯವಿಟ್ಟು ತಿಳಿಸಿ.