ಹಾಜರಿ ಕೇಳ್ರಿ, ಮೊದಲ ಹುಡುಗ್ರನ್ನೂ ಕೇಳ್ರಿ

ಪಿಯು ಕಾಲೇಜಿನ್ಯಾಗ 75% ಹಾಜರಿ ಇಲ್ದವ್ರನ್ನ ಪರೀಕ್ಷೆಕ್ಕ ಕುಂದ್ರಿಸ್ಬ್ಯಾಡ್ರಿ, ಸ್ಟ್ರಿಕ್ಟ್ ಮಾಡ್ರಿ ಅಂತ ಬರ್ದೀರಿ. ರೂಲ್ ಐತಿ ಖರೆ, ನಂದೇನ್ ತಕರಾರಿಲ್ಲ. ಆದ್ರ ನಮ್ಮ ಮುಧೋಳ ಜಮಖಂಡಿ ಕಡೆ ನವೆಂಬರ್ ಬಂತಂದ್ರ ಕಬ್ಬಿನ ಹಂಗಾಮ ಚಾಲೂ, ಆಳು ಸಿಗಂಗಿಲ್ಲ, ಸೆಕೆಂಡ್ ಪಿಯುಸಿ ಹುಡುಗ ಟ್ರ್ಯಾಕ್ಟರ್ ಹಿಂದ ಹೊಕ್ಕಾನ, ಅವ ಯಾಕ ಬರವಲ್ಲ ಅಂತ ಕಾಲೇಜಿಂದ ಒಬ್ರೂ ಫೋನ್ ಮಾಡಂಗಿಲ್ಲ, ಕಡೀಕ ಹಾಲ್ ಟಿಕೆಟ್ ಟೈಮಿಗೆ ಅಪ್ಪನ್ನ ಕರಕೊಂಡ್ ಬಾ ಅಂತಾರ. ಆವಾಗ ಅಪ್ಪ ಬಂದ್ ಏನ್ ಮಾಡ್ತಾನ್ರಿ?

ಹುಡುಗ್ಯಾರಿಗೆ 2023ರಿಂದ ಶಕ್ತಿ ಯೋಜನೆದಾಗ ಬಸ್ ಫ್ರೀ ಆಗೇತಿ, ಚಲೋ ಆತು, ಆದ್ರ ಮುಂಜಾನಿ ಬಸ್ಸಿನ್ಯಾಗ ಕಾಲಿಡಾಕ ಜಾಗ ಇರಂಗಿಲ್ಲ, ಡ್ರೈವರ್ ಸ್ಟಾಪಿನ್ಯಾಗ ನಿಲ್ಲಿಸ್ದ ಹೋದ್ರ ಫಸ್ಟ್ ಪೀರಿಯಡ್ ಹೋತು, ಹಾಜರಿನೂ ಹೋತು. ನನ್ನ ಅಕ್ಕನ ಮಗಳ ಕಾಲೇಜಿನ್ಯಾಗ ಕನ್ನಡ ಮೇಡಮ್ಮು ಹುಡುಗ್ರು ಎರಡ್ ದಿನ ಬರ್ಲಿಲ್ಲಂದ್ರ ತಾವ ಮನಿಗೆ ಫೋನ್ ಹಚ್ತಾರ, ಸರ್ಕಾರ ಹೇಳಿದ್ದಲ್ಲ, ಅವರ ಸ್ವಭಾವನ ಹಂಗ. ಎಲ್ಲಾ ಕಡೆ ಅಂಥವ್ರು ಎಲ್ಲಿಂದ ಬರ್ಬೇಕು?

ಇನ್ನ ಸೈನ್ಸ್ ಹುಡುಗ್ರು ಟೆನ್ಶನ್ನಿಗೆ ಕಾಲೇಜ್ ಬಿಡೋದು ಬ್ಯಾರೆ ಕತಿ. ಕೌನ್ಸೆಲರ್ ಇಲ್ದಿದ್ರ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಆದ್ರೂ ನೋಟಿಸ್ ಬೋರ್ಡಿನ್ಯಾಗ ಹಚ್ರಿ, ಫ್ರೀ ಐತಿ, ದಿನದ 24 ತಾಸು, ಕನ್ನಡದಾಗೂ ಮಾತಾಡ್ತಾರ. ಮತ್ತ ಹಾಜರಿ ಶಾರ್ಟೇಜ್ ಲಿಸ್ಟ್ ಫೆಬ್ರುವರಿಗೆ ಅಲ್ಲ, ದಸರಾ ಮುಗ್ದ ಕೂಡ್ಲೆ ಪಾಲಕರ ಕೈಗೆ ಕೊಡ್ರಿ.