ಸಾಹೇಬರಿಗೆ ಸಿಕ್ಕ ಆಸರೆ

ಅಂಗವಿಕಲರಿಗೆ ಬೆಂಬಲಿತ ಉದ್ಯೋಗ, ಅಂದರೆ ನೆರವಿಗೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ ನಿಜವಾದ ಕೆಲಸ, ಕಲ್ಪಿಸುವ ಪದ್ಧತಿ ನಮ್ಮ ನಾಡಿನಲ್ಲಿ ಇನ್ನೂ ಬೇರೂರಿಲ್ಲವೆಂದು ಕೊರಗುವವರು ವಿಧಾನಸೌಧದ ಮೆಟ್ಟಿಲ ಬಳಿ ಅರ್ಧ ಗಂಟೆ ನಿಂತು ನೋಡಬೇಕು. ಕಾರು ನಿಲ್ಲುತ್ತಲೇ ಬಾಗಿಲು ತೆರೆಯಲು ಒಬ್ಬರು ಓಡಿ ಬರುತ್ತಾರೆ. ಇಳಿದವರ ಕೈಗೆ ಕಡತದ ಭಾರ ತಾಗದಂತೆ ಇನ್ನೊಬ್ಬರು ಅದನ್ನು ಎತ್ತಿಕೊಳ್ಳುತ್ತಾರೆ. ದಫೇದಾರರು ದಾರಿ ಬಿಡಿಸುತ್ತಾರೆ. ಈಗ ಯಾವ ಸಭೆ, ಎದುರಿಗೆ ಕುಳಿತವರು ಯಾರು, ಯಾವ ಪ್ರಶ್ನೆಗೆ ಏನು ಹೇಳಬೇಕು ಎಂಬುದನ್ನೆಲ್ಲ ಆಪ್ತ ಸಹಾಯಕರು ಕಿವಿಯಲ್ಲಿ ಉಸುರುತ್ತಾರೆ. ಭಾಷಣವನ್ನು ಬೇರೆಯವರು ದಪ್ಪ ಅಕ್ಷರಗಳಲ್ಲಿ ಬರೆದುಕೊಟ್ಟಿರುತ್ತಾರೆ, ಸಹಿ ಬೀಳಬೇಕಾದ ಜಾಗಕ್ಕೆ ಹಳದಿ ಚೀಟಿ ಅಂಟಿಸಿರುತ್ತಾರೆ. ಬೆಂಬಲಿತ ಉದ್ಯೋಗಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಮಾದರಿ ಎಲ್ಲಿದ್ದೀತು? ಒಂದೇ ವ್ಯತ್ಯಾಸವೆಂದರೆ, ಹೊರದೇಶಗಳಲ್ಲಿ ಕೆಲಸ ಕಲಿತಂತೆಲ್ಲ ಆಸರೆಯನ್ನು ಕಡಿಮೆ ಮಾಡುತ್ತಾರೆ, ನಮ್ಮಲ್ಲಿ ಬಡ್ತಿ ಸಿಕ್ಕಂತೆಲ್ಲ ಹೆಚ್ಚಿಸುತ್ತಾರೆ.

ಈ ಪದ್ಧತಿ ಅಮೆರಿಕದಲ್ಲಿ 1970 ಮತ್ತು 80ರ ದಶಕಗಳಲ್ಲಿ ರೂಪುಗೊಂಡಾಗ ಅದರ ಸೂತ್ರ ಬಹಳ ಸರಳವಾಗಿತ್ತು: ಬೌದ್ಧಿಕ ವೈಕಲ್ಯವುಳ್ಳವರನ್ನು ವರ್ಷಗಟ್ಟಲೆ ತರಬೇತಿ ಕೇಂದ್ರದಲ್ಲಿ ಕೂಡಿಹಾಕಬೇಡಿ, ಮೊದಲು ನಿಜವಾದ ಕೆಲಸಕ್ಕೆ ಸೇರಿಸಿ, ಕಲಿಸಬೇಕಾದದ್ದನ್ನು ಅಲ್ಲಿಯೇ ಪಕ್ಕದಲ್ಲಿ ನಿಂತು ಕಲಿಸಿ. ಹಾಗೆ ಪಕ್ಕದಲ್ಲಿ ನಿಲ್ಲುವವರೇ ಜಾಬ್ ಕೋಚ್. ಒಬ್ಬ ಹುಡುಗ ಸೂಪರ್ ಮಾರ್ಕೆಟ್ಟಿನ ಹಾಲು–ಮೊಸರಿನ ವಿಭಾಗಕ್ಕೆ ಸೇರಿದನೆನ್ನಿ. ಹಳೆಯ ಪ್ಯಾಕೆಟ್ಟು ಮುಂದೆ, ಹೊಸದು ಹಿಂದೆ ಎಂಬ ನಿಯಮವನ್ನು ಬಾಯಲ್ಲಿ ಹತ್ತು ಸಲ ಹೇಳಿದರೂ ಅವನಿಗೆ ನಾಟದಿರಬಹುದು. ಕೋಚ್ ಅದನ್ನು ಚಿಕ್ಕ ಚಿಕ್ಕ ಹಂತಗಳಾಗಿ ಒಡೆದು, ಒಂದೊಂದಕ್ಕೂ ಒಂದು ಚಿತ್ರ ಮಾಡಿ, ಟ್ರೇಗಳಿಗೆ ದಿನಕ್ಕೊಂದು ಬಣ್ಣದ ಸ್ಟಿಕ್ಕರ್ ಹಚ್ಚಿ ತೋರಿಸಿದರೆ ನಾಟುತ್ತದೆ. ಯಾವ ಬಸ್ಸು ಹತ್ತಬೇಕು, ಊಟಕ್ಕೆ ಯಾರ ಜೊತೆ ಕೂರಬೇಕು, ಮ್ಯಾನೇಜರು ಬೈದರೆ ಏನು ಮಾಡಬೇಕು ಎಂಬುದೂ ಈ ಪಾಠದಲ್ಲೇ ಸೇರಿದೆ. ಕೆಲವು ತಿಂಗಳಲ್ಲಿ ಕೋಚ್ ದಿನವಿಡೀ ಇರುವುದನ್ನು ಬಿಟ್ಟು ವಾರಕ್ಕೊಮ್ಮೆ ಬರುತ್ತಾರೆ, ಆಮೇಲೆ ಫೋನು ಮಾಡಿದರೆ ಸಾಕು.

ಇಷ್ಟು ಸರಳವಾದದ್ದು ನಮಗೆ ಹೇಗೆ ರುಚಿಸೀತು? ನಮ್ಮದು ತರಬೇತಿಪ್ರಿಯ ದೇಶ. ಮೊಂಬತ್ತಿ ಮಾಡುವ ತರಬೇತಿ, ಫಿನಾಯಿಲ್ ತಯಾರಿಕೆಯ ತರಬೇತಿ, ಕಾಗದದ ಕವರು ಅಂಟಿಸುವ ತರಬೇತಿ, ಕಾಲೊರಸು ನೇಯುವ ತರಬೇತಿ, ಇವೆಲ್ಲ ಮುಗಿದ ಮೇಲೆ ಮತ್ತೆ ಮೊಂಬತ್ತಿಯ ಪುನಶ್ಚೇತನ ತರಬೇತಿ. ಹದಿನೆಂಟಕ್ಕೆ ಸೇರಿದ ಹುಡುಗಿ ತಲೆಗೂದಲು ನರೆತರೂ ‘ತರಬೇತಿಯಲ್ಲಿದ್ದಾಳೆ’. ತರಬೇತಿಯಲ್ಲಿರುವವರಿಗೆ ಸಂಬಳ ಕೊಡಬೇಕಾಗಿಲ್ಲವಾದ್ದರಿಂದ ಈ ವ್ಯವಸ್ಥೆಯ ಬಗ್ಗೆ ಆಕೆಯೊಬ್ಬಳನ್ನು ಬಿಟ್ಟು ಉಳಿದವರೆಲ್ಲರಿಗೂ ತೃಪ್ತಿಯಿದೆ. ದೀಪಾವಳಿಗೆ ಕಂಪನಿಗಳು ಅವಳು ಬಣ್ಣ ಬಳಿದ ಹಣತೆಗಳನ್ನು ಡಜನ್‌ಗಟ್ಟಲೆ ಕೊಂಡು, ಸೆಲ್ಫಿ ತೆಗೆದು, ಸಾಮಾಜಿಕ ಹೊಣೆಗಾರಿಕೆಯನ್ನು ವರ್ಷದ ಮಟ್ಟಿಗೆ ತೀರಿಸಿಬಿಡುತ್ತವೆ.

ಕಾನೂನು ಸುಮ್ಮನೆ ಕುಳಿತಿಲ್ಲ. ಅಂಗವಿಕಲರ ಹಕ್ಕುಗಳ 1995ರ ಕಾಯ್ದೆಯ ಶೇ 3ರ ಸರ್ಕಾರಿ ಉದ್ಯೋಗ ಮೀಸಲಾತಿಯಲ್ಲಿ ಬೌದ್ಧಿಕ ವೈಕಲ್ಯವುಳ್ಳವರಿಗೆ ಜಾಗವೇ ಇರಲಿಲ್ಲ. 2016ರ ಹೊಸ ಕಾಯ್ದೆ ಮೀಸಲಾತಿಯನ್ನು ಶೇ 4ಕ್ಕೆ ಏರಿಸಿ, ಅದರಲ್ಲಿ ಶೇ 1ನ್ನು ಆಟಿಸಂ, ಬೌದ್ಧಿಕ ವೈಕಲ್ಯ, ಕಲಿಕಾ ನ್ಯೂನತೆ, ಮಾನಸಿಕ ಅಸ್ವಸ್ಥತೆ ಮತ್ತು ಬಹುವಿಧ ವೈಕಲ್ಯವುಳ್ಳವರು ಹಂಚಿಕೊಳ್ಳಲಿ ಎಂದಿತು. ಸಂತೋಷ. ಈಗ ಕೇಂದ್ರ ಸರ್ಕಾರದ ಬಹುಕಾರ್ಯ ಸಿಬ್ಬಂದಿ ಹುದ್ದೆಯನ್ನು ನೋಡಿ. ಕಡತ ಒಯ್ಯುವುದು, ಜೆರಾಕ್ಸ್ ತೆಗೆಯುವುದು, ಕೊಠಡಿ ತೆರೆದು ಮುಚ್ಚುವುದು, ಸ್ವಚ್ಛತೆ ನೋಡಿಕೊಳ್ಳುವುದು ಅದರ ಕೆಲಸ. ತಾಳ್ಮೆಯಿಂದ ತೋರಿಸಿಕೊಟ್ಟರೆ ಬೌದ್ಧಿಕ ವೈಕಲ್ಯವುಳ್ಳ ಎಷ್ಟೋ ಮಂದಿ ನಿಷ್ಠೆಯಿಂದ ಮಾಡಬಲ್ಲ ಕೆಲಸ. ಅದಕ್ಕೆ ಸೇರಲು ಮೊದಲು ಹತ್ತನೇ ತರಗತಿ ಪಾಸಾಗಬೇಕು, ಅನಂತರ ಕಂಪ್ಯೂಟರ್ ಮುಂದೆ ಕುಳಿತು ಗಣಿತ, ತಾರ್ಕಿಕ ಸಾಮರ್ಥ್ಯ, ಸಾಮಾನ್ಯ ಜ್ಞಾನ ಮತ್ತು ಇಂಗ್ಲಿಷಿನ ಪರೀಕ್ಷೆ ಬರೆಯಬೇಕು. ಬುದ್ಧಿಯ ಬೆಳವಣಿಗೆ ಕುಂಠಿತವಾಗಿದೆಯೆಂದು ವೈದ್ಯಕೀಯ ಮಂಡಳಿಯಿಂದ ಪ್ರಮಾಣಪತ್ರ ತಂದವನು, ಹಾಗೇನೂ ಆಗಿಲ್ಲವೆಂದು ಪರೀಕ್ಷೆಯಲ್ಲಿ ಸಾಬೀತುಪಡಿಸಿದರೆ ಮಾತ್ರ ಜೆರಾಕ್ಸ್ ಯಂತ್ರದ ಬಳಿ ಹೋಗಬಹುದು.

ಯಾವ ಹುದ್ದೆ ಯಾವ ವೈಕಲ್ಯವುಳ್ಳವರಿಗೆ ಸರಿಹೊಂದುತ್ತದೆ ಎಂಬ ಪಟ್ಟಿಯನ್ನೂ ಕೇಂದ್ರ 2021ರ ಜನವರಿಯಲ್ಲಿ ಹೊರಡಿಸಿತು. ಪ್ರತಿ ಹುದ್ದೆಯ ಎದುರು, ಆ ಕೆಲಸಕ್ಕೆ ಏನೇನು ಮಾಡಬಲ್ಲವರು ಬೇಕೆಂದು ಹೇಳುವ ಸಂಕೇತಾಕ್ಷರಗಳ ಸಾಲು: ಎಸ್ ಎಂದರೆ ಕೂರುವುದು, ಎಸ್‌ಟಿ ನಿಲ್ಲುವುದು, ಬಿಎನ್ ಬಗ್ಗುವುದು, ಎಲ್ ಎತ್ತುವುದು, ಎಚ್ ಕೇಳಿಸಿಕೊಳ್ಳುವುದು, ಸಿ ಸಂವಹನ. ಪಟ್ಟಿ ಒಳ್ಳೆಯದೇ, ಅದನ್ನು ಅಂಗವಿಕಲರಿಗೆ ಮಾತ್ರ ಅನ್ವಯಿಸುವ ತಾರತಮ್ಯವೇಕೆ ಎಂಬುದಷ್ಟೇ ನನ್ನ ತಕರಾರು. ಪಿಂಚಣಿಗೆಂದು ನಾಲ್ಕನೇ ಸಲ ಬಂದ ಅಜ್ಜಿಯ ಎದುರು ತಾಲ್ಲೂಕು ಕಚೇರಿಯ ಮೇಜಿನವರು ಎಚ್ ಮತ್ತು ಸಿ ಎರಡರಲ್ಲೂ ಎಷ್ಟು ಅಂಕ ಪಡೆದಾರು? (ಕಿವುಡರನ್ನು ಈ ಹೋಲಿಕೆಗೆ ಎಳೆಯುವುದಿಲ್ಲ, ಅವರು ತುಟಿಯನ್ನಾದರೂ ನೋಡುತ್ತಾರೆ.)

ಖಾಸಗಿ ವಲಯದ ಮೇಲೆ 2016ರ ಕಾಯ್ದೆಯ 35ನೆಯ ಕಲಮಿಗೆ ತಾಯಿಯ ಮಮತೆ. ಸಿಬ್ಬಂದಿಯಲ್ಲಿ ಕನಿಷ್ಠ ಶೇ 5ರಷ್ಟು ಅಂಗವಿಕಲರು ಇರುವಂತೆ ಮಾಲೀಕರಿಗೆ ಪ್ರೋತ್ಸಾಹಕ ಕೊಡಬೇಕೆಂದು ಅದು ಸರ್ಕಾರಕ್ಕೆ ಹೇಳುತ್ತದೆ, ಆದರೆ ತನ್ನ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ. ಮಿತಿ ಎಲ್ಲಿದೆಯೆಂದು ನಮಗೆಲ್ಲ ಗೊತ್ತು. ಹೊಸ ಎಂಜಿನಿಯರುಗಳನ್ನು ಕ್ಯಾಂಪಸ್ಸಿನಲ್ಲಿ ತಿಂಗಳುಗಟ್ಟಲೆ ಇರಿಸಿಕೊಂಡು, ಸಂಬಳ ಕೊಟ್ಟು, ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಿಯನ್ನು ಗೊತ್ತುಮಾಡಿ ಕಲಿಸುವ ಕಂಪನಿಯ ಮಾನವ ಸಂಪನ್ಮೂಲ ಅಧಿಕಾರಿಗೆ ಜಾಬ್ ಕೋಚ್ ಎಂದರೆ ಸಾಕು, ‘ಅದರ ಖರ್ಚು ಯಾರು ಕೊಡುತ್ತಾರೆ ಸಾರ್?’ ಎಂದು ಕಣ್ಣು ತುಂಬಿ ಬರುತ್ತದೆ. ‘ನಮ್ಮ ಗ್ರಾಹಕರು ಇದನ್ನು ಹೇಗೆ ಸ್ವೀಕರಿಸುತ್ತಾರೋ’ ಎಂಬ ಚಿಂತೆ ಬೇರೆ. 2017ರಲ್ಲಿ ಹುಬ್ಬಳ್ಳಿಯ ಕಾಲೇಜೊಂದರ ಆವರಣದಲ್ಲಿ ಶುರುವಾದ ಮಿಟ್ಟಿ ಕೆಫೆಯಲ್ಲಿ ಅಂಗವಿಕಲರೇ ಚಹಾ ಮಾಡಿ ಬಡಿಸುತ್ತಾರೆ. 2023ರ ನವೆಂಬರಿನಲ್ಲಿ ಅದರ ಶಾಖೆ ಸುಪ್ರೀಂ ಕೋರ್ಟಿನ ಅಂಗಳದಲ್ಲೇ ತೆರೆಯಿತು. ನ್ಯಾಯಮೂರ್ತಿಗಳು ಸ್ವೀಕರಿಸಿದ ಚಹಾವನ್ನು ನಮ್ಮ ಮಾಲ್‌ಗಳ ಗ್ರಾಹಕರು ಸ್ವೀಕರಿಸುತ್ತಾರೆಯೇ ಎಂಬ ಅಧ್ಯಯನ ಇನ್ನೂ ನಡೆಯುತ್ತಿರಬೇಕು.

ಕರ್ನಾಟಕದ ಕೈಯಲ್ಲಿ ಒಂದು ಆಯುಧವಂತೂ ಇದೆ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲ್ಲೂಕಿನಲ್ಲಿ ಅವರ ಮೇಲೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು. ಇವರು ಸ್ವತಃ ಅಂಗವಿಕಲರು. ಯಾವ ಮನೆಯಲ್ಲಿ ಯಾರಿದ್ದಾರೆ, ಯಾರಿಗೆ ಏನು ಬರುತ್ತದೆ ಎಂಬುದು ಇವರಿಗೆ ಬಾಯಿಪಾಠ. ಊರಿನ ರೈಸ್‌ಮಿಲ್ಲಿಗೋ ನರ್ಸರಿಗೋ ಬೇಕರಿಗೋ ಒಬ್ಬ ಹುಡುಗನನ್ನು ಸೇರಿಸಿ, ಪಕ್ಕದಲ್ಲಿ ನಿಂತು ಕಲಿಸಿಕೊಡು ಎಂದರೆ ಇವರಿಗಿಂತ ತಕ್ಕವರು ಸಿಗಲಾರರು. ಆದರೆ ಇನ್ನೊಬ್ಬರಿಗೆ ನೌಕರಿ ಕೊಡಿಸಬಲ್ಲ ಇವರದೇ ನೌಕರಿ ಖಾಯಂ ಅಲ್ಲ. ಇವರಿಗೆ ಸಿಗುವುದು ಸಂಬಳವಲ್ಲ, ಗೌರವಧನ. ಇವರ ಪಾಲಿನ ಕೆಲಸ ಮಾಸಾಶನದ ಅರ್ಜಿ, ಗುರುತಿನ ಚೀಟಿ, ಸಮೀಕ್ಷೆ ಮತ್ತು ಡಿಸೆಂಬರ್ 3ರ ಅಂಗವಿಕಲರ ದಿನಾಚರಣೆಗೆ ಕುರ್ಚಿ ತುಂಬಿಸುವುದು. ಪಂಚಾಯಿತಿಗೆ ಇಷ್ಟು ಜನ ಎಂದು ಲೆಕ್ಕ ಒಪ್ಪಿಸಿ, ಬೆಳಿಗ್ಗೆ ಒಂಬತ್ತಕ್ಕೇ ಎಲ್ಲರನ್ನೂ ಕೂರಿಸಬೇಕು. ಉದ್ಘಾಟಕರು ಬರುವುದು ಹನ್ನೆರಡಕ್ಕೆ. ವೇದಿಕೆಗೆ ನಾಲ್ಕು ಮೆಟ್ಟಿಲಿರುತ್ತವೆ, ಇಳಿಜಾರು ಇರುವುದಿಲ್ಲ. ಗಾಲಿಕುರ್ಚಿಯಲ್ಲಿರುವ ಸನ್ಮಾನಿತರನ್ನು ನಾಲ್ವರು ಹೊತ್ತು ಮೇಲೇರಿಸುತ್ತಾರೆ. ಉದ್ಘಾಟಕರು ಶಾಲು ಹೊದಿಸಿ, ಅಂಗವಿಕಲರು ಯಾರನ್ನೂ ಅವಲಂಬಿಸದೆ ಸ್ವಾವಲಂಬಿಗಳಾಗಬೇಕೆಂದು, ಬರೆದುಕೊಟ್ಟದ್ದನ್ನು ಓದುತ್ತಾರೆ.