ಖಾಲಿ ಡಬ್ಬಿಯ ಖದರು

ಆ ವಿಡಿಯೋ ನೀವೂ ನೋಡಿರುತ್ತೀರಿ. ಇಲ್ಲ ಅಂದರೆ ನಿಮ್ಮ ಭಾವಮೈದುನನಾದರೂ ವಾಟ್ಸಾಪಿಗೆ ಕಳಿಸಿರುತ್ತಾನೆ. ಅಮೆರಿಕದವನೊಬ್ಬ ಎರಡನೇ ಮಹಾಯುದ್ಧದ ಕಾಲದ ಊಟದ ಡಬ್ಬಿ ಒಡೆಯುತ್ತಾನೆ. ಒಳಗಿನ ಮಾಂಸ ಕಪ್ಪಗಾಗಿದೆ. ಮೂಸುತ್ತಾನೆ, ತಲೆದೂಗುತ್ತಾನೆ, ಒಂದು ಚೂರು ಬಾಯಿಗೆ ಹಾಕಿಕೊಳ್ಳುತ್ತಾನೆ. ನಿನ್ನೆಯ ಸಾಂಬಾರು ಬಡಿಸಿದರೆ ಮುಖ ಕಿವಿಚುವ ಮಕ್ಕಳೆಲ್ಲ ಇದನ್ನು ಮಾತ್ರ ಕಣ್ಣು ಮಿಟುಕಿಸದೆ ನೋಡುತ್ತವೆ.

ನಿಜವಾದ ಹಳೇ ಡಬ್ಬಿ ಸಿಗದವರಿಗೆ ಹೊಸದಾಗಿ ಮಾಡಿದ ಹಳೇ ಡಬ್ಬಿ ಸಿಗುತ್ತದೆ. ಅಮೆರಿಕ, ಯುರೋಪಿನಲ್ಲಿ ಶನಿವಾರ ಭಾನುವಾರ ಸೈನಿಕರ ವೇಷ ಹಾಕಿಕೊಂಡು ಹಳೇ ಯುದ್ಧ ಆಡುವ ದೊಡ್ಡವರಿದ್ದಾರಲ್ಲ, ಅವರಿಗೆ ಬೂಟು, ಹೆಲ್ಮೆಟ್ಟು ಸಾಲದು. ಬುತ್ತಿಯೂ 1944ರದ್ದೇ ಆಗಬೇಕು. ಅದಕ್ಕೇ ಕೆ-ರೇಷನ್, ಅಂದರೆ ಆ ಯುದ್ಧದಲ್ಲಿ ಅಮೆರಿಕದ ಸೈನಿಕರಿಗೆ ಹೊತ್ತಿಗೊಂದರಂತೆ ಕೊಡುತ್ತಿದ್ದ ಬುತ್ತಿ ಡಬ್ಬಿಗಳನ್ನು ಮತ್ತೆ ಅಚ್ಚು ಹಾಕಿ ಮಾರುತ್ತಾರೆ. ಬೆಳಗಿನದ್ದು ಕಂದು, ಮಧ್ಯಾಹ್ನದ್ದು ನೀಲಿ, ರಾತ್ರಿಯದ್ದು ಹಸಿರು. ಅಸಲಿ ಡಬ್ಬಿಯ ಒಳಗೆ ಮೇಣ ಹಚ್ಚಿದ ಇನ್ನೊಂದು ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಅದನ್ನೇ ಹೊತ್ತಿಸಿ ಸೈನಿಕ ಒಂದು ಲೋಟ ಕಾಫಿ ಕಾಯಿಸಿಕೊಳ್ಳುತ್ತಿದ್ದ. ಜೊತೆಗೆ ನಾಲ್ಕು ಸಿಗರೇಟು, ಒಂದು ಚೂಯಿಂಗ್ ಗಮ್. ರಾತ್ರಿಯ ಡಬ್ಬಿಯಲ್ಲಿ ಟಾಯ್ಲೆಟ್ ಪೇಪರ್ ಕೂಡ. ಇಷ್ಟನ್ನೂ ಈಗ ಅಕ್ಷರ ತಪ್ಪದಂತೆ ನಕಲು ಮಾಡುತ್ತಾರೆ. ಎಷ್ಟೋ ಸಲ ಒಳಗೆ ತಿನ್ನೋಕೆ ಮಾತ್ರ ಏನೂ ಇರುವುದಿಲ್ಲ. ಬಿಸ್ಕತ್ತು ನೀವೇ ತಂದು ತುಂಬಿಕೊಳ್ಳಿ. ಆದರೆ ನೀಲಿ ಬಣ್ಣ ಒಂಚೂರು ಜಾಸ್ತಿ ಆಯಿತೋ, ಅಲ್ಲೇ ಮೂರನೇ ಮಹಾಯುದ್ಧ.

ಈ ಕೆ-ರೇಷನ್ ರೂಪಿಸಿದ ಪುಣ್ಯಾತ್ಮ ಆನ್ಸೆಲ್ ಕೀಸ್, ಮಿನೆಸೋಟಾ ವಿಶ್ವವಿದ್ಯಾಲಯದ ವಿಜ್ಞಾನಿ. ಮೊದಲ ಪ್ರಯೋಗಕ್ಕೆ ಊರಿನ ಅಂಗಡಿಯಿಂದಲೇ ಬಿಸ್ಕತ್ತು, ಸಾಸೇಜು, ಚಾಕೊಲೇಟು ಕೊಂಡು ತಂದ. ಲಕ್ಷಾಂತರ ಹುಡುಗರಿಗೆ ಒಣ ಬಿಸ್ಕತ್ತು, ಡಬ್ಬಿ ಮಾಂಸ ಗಂಟು ಹಾಕಿದ ಮೇಲೆ ಸ್ವತಃ ಏನು ಮಾಡಿದ ಗೊತ್ತಾ? ಇಟಲಿಯ ಸಮುದ್ರ ತೀರದ ಹಳ್ಳಿಯೊಂದರಲ್ಲಿ ಮನೆ ಮಾಡಿದ. ಆಲಿವ್ ಎಣ್ಣೆ, ಸೊಪ್ಪು, ಕಾಳು ತಿನ್ನಿ ಅಂತ ಜಗತ್ತಿಗೆಲ್ಲ ಸಾರಿದ. ಮೆಡಿಟರೇನಿಯನ್ ಡಯಟ್ ಅಂತ ಈಗ ನಮ್ಮ ಡಯಟೀಷಿಯನ್ನುಗಳು ಬರೆದುಕೊಡುತ್ತಾರಲ್ಲ, ಅದರ ಮೂಲಪುರುಷ ಇವನೇ. 2004ರಲ್ಲಿ ತೀರಿಕೊಂಡಾಗ ನೂರು ವರ್ಷ. ಜಾಣ.

ಅವನ ಡಬ್ಬಿಯಲ್ಲಿ ನಿಂಬೆ ಪುಡಿಯೂ ಇತ್ತು, ವಿಟಮಿನ್ ಸಿ ಸಿಗಲಿ ಅಂತ. ಎಷ್ಟು ಹುಳಿ ಅಂದರೆ ಸೈನಿಕರು ಸುಮ್ನೆ ಎಸೆದುಬಿಡುತ್ತಿದ್ದರು. ಅವತ್ತು ಕೆಸರಿಗೆ ಬಿದ್ದ ಆ ಪೊಟ್ಟಣದ ನಕಲಿಗೂ ಇವತ್ತು ಗಿರಾಕಿ ಇದ್ದಾರೆ.

ಇನ್ನು ಚಾಕೊಲೇಟಿನ ಕತೆ. 1937ರಲ್ಲಿ ಅಮೆರಿಕದ ಸೇನೆಯ ಕ್ಯಾಪ್ಟನ್ ಪಾಲ್ ಲೋಗನ್ ಹರ್ಷೀಸ್ ಕಂಪನಿಗೆ ಹೋಗಿ ಒಂದು ಬೇಡಿಕೆ ಇಟ್ಟ. ತೂಕ ನಾಲ್ಕು ಔನ್ಸ್ ಇರಬೇಕು, ಬಿಸಿಲಿಗೆ ಕರಗಬಾರದು, ರುಚಿ ಬೇಯಿಸಿದ ಆಲೂಗಡ್ಡೆಗಿಂತ ಸ್ವಲ್ಪ ಮಾತ್ರ ವಾಸಿ ಇರಬೇಕು. ರುಚಿಯಾಗಿದ್ದರೆ ಕಷ್ಟಕಾಲ ಬರುವ ಮೊದಲೇ ತಿಂದು ಮುಗಿಸುತ್ತಾರಲ್ಲ! ಕಂಪನಿ ಹೇಳಿದ ಹಾಗೇ ಮಾಡಿಕೊಟ್ಟಿತು. ಸರ್ಕಾರಿ ಆರ್ಡರೊಂದು ಇಷ್ಟು ಪ್ರಾಮಾಣಿಕವಾಗಿ ಪೂರೈಕೆಯಾದ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ. ಚಾಕುವಿನಲ್ಲಿ ಕೆರೆದು ತಿನ್ನಬೇಕಿತ್ತಂತೆ. ಅದನ್ನೂ ಈಗ ಓಟ್ಸ್ ಹಿಟ್ಟು ಕಲಸಿ ಮನೆಯಲ್ಲಿ ಮಾಡುತ್ತಾರೆ, ಅದೂ ಹಲ್ಲಿನ ಡಾಕ್ಟರ ಫೀಸು ಗೊತ್ತಿದ್ದೂ.

ಅಮೆರಿಕದ ಅಂತರ್ಯುದ್ಧದ ಹಾರ್ಡ್‌ಟ್ಯಾಕ್ ಎಂಬ ಕಲ್ಲಿನಂಥ ಬಿಸ್ಕತ್ತಿನ ನಕಲು ಮಾಡುವವರು ಇನ್ನೂ ಕಟ್ಟುನಿಟ್ಟು. ಹಿಟ್ಟು, ನೀರು, ಬೇಕಾದರೆ ಉಪ್ಪು. ಮೇಲೆ ಸಾಲಾಗಿ ತೂತು. ಆ ಬಿಸ್ಕತ್ತಿನಲ್ಲಿ ಹುಳ ಇರುತ್ತಿತ್ತು. ಸೈನಿಕರು ಬಿಸಿ ಕಾಫಿಯಲ್ಲಿ ಅದ್ದಿ, ತೇಲಿ ಬಂದ ಹುಳ ಎತ್ತಿ ಬಿಸಾಕಿ, ಆಮೇಲೆ ತಿನ್ನುತ್ತಿದ್ದರು. ಅಷ್ಟೊಂದು ಅಸಲಿತನ ಬೇಕಾದರೆ ಹುಳಾನೂ ಹಾಕಿ ಕೊಡಿ ಸ್ವಾಮಿ! ತೂತು ಎಣಿಸುವವರು ಆ ವಿಷಯಕ್ಕೆ ಬರುವುದೇ ಇಲ್ಲ.

ನಮ್ಮಲ್ಲಿ ಈ ಹುಚ್ಚು ಇಲ್ಲ ಅಂತ ಬೀಗಬಹುದಿತ್ತು. ಆದರೆ ಮೈಸೂರಿನಲ್ಲಿ 1961ರಲ್ಲೇ ರಕ್ಷಣಾ ಆಹಾರ ಸಂಶೋಧನಾಲಯ ಶುರುವಾಯಿತು. ತಿಂಗಳುಗಟ್ಟಲೆ ಕೆಡದ ಚಪಾತಿ, ಪೊಟ್ಟಣದಲ್ಲೇ ಬೇಯಿಸಿ ಮುಚ್ಚಿದ ಪಲಾವು, ಎಲ್ಲಾ ಅಲ್ಲಿಯ ಕೆಲಸ. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ತಿಂಡಿ ಕಟ್ಟಿಕೊಟ್ಟಿದ್ದೂ ಇವರೇ. ಅಂಗಡಿಯ ರೆಡಿ-ಟು-ಈಟ್ ಪೊಟ್ಟಣಗಳಿಗೂ ಈ ವಿದ್ಯೆ ಹೋಗಿದೆ. ಅಂದರೆ ನ್ಯೂಜೆರ್ಸಿಯಲ್ಲಿ ರಾತ್ರಿ ಹತ್ತು ಗಂಟೆಗೆ ಬಿಸಿಬೇಳೆಬಾತ್ ಪೊಟ್ಟಣ ಕತ್ತರಿಸುವ ನಮ್ಮ ಟೆಕ್ಕಿಯೂ ಒಂದು ಲೆಕ್ಕದಲ್ಲಿ ಯುದ್ಧಭೂಮಿಯ ಊಟವನ್ನೇ ಮಾಡುತ್ತಿದ್ದಾನೆ. ವೇಷ ಮಾತ್ರ ಚಡ್ಡಿ, ಟೀಶರ್ಟು. ಶತ್ರು, ನಾಳೆ ಬೆಳಗಿನ ಮೀಟಿಂಗು.

ನಗುವುದು ಸುಲಭ. 1944ರಲ್ಲಿ ಬರ್ಮಾದ ಕಾಡಿಗೆ ನುಗ್ಗಿದ ಅಮೆರಿಕದ ಮೆರಿಲ್ಸ್ ಮರಾಡರ್ಸ್ ಪಡೆಯಲ್ಲಿ ಸುಮಾರು 3000 ಜನ ಇದ್ದರು. ಕೆಲವು ದಿನದ ತುರ್ತಿಗೆ ಅಂತ ಮಾಡಿದ ಕೆ-ರೇಷನ್ನನ್ನು ಅವರಿಗೆ ತಿಂಗಳುಗಟ್ಟಲೆ ತಿನ್ನಿಸಿದರು. ಸೊರಗಿ ಕಡ್ಡಿಯಾದರು. ಗುಂಡಿಗಿಂತ ಜಾಸ್ತಿ ಜನರನ್ನು ಭೇದಿ, ಮಲೇರಿಯಾ, ಟೈಫಸ್ ಮಲಗಿಸಿದವು. ನೀಲಿ ಬಣ್ಣ ಸರಿ ಇದೆಯಾ ಅಂತ ಕೇಳುವುದಕ್ಕೆ ಅಲ್ಲಿ ಯಾರಿಗೂ ಪುರುಸೊತ್ತಿರಲಿಲ್ಲ.

ಅಷ್ಟು ಹಿಂದೆ ಯಾಕೆ? 2017ರ ಜನವರಿಯಲ್ಲಿ ನಮ್ಮದೇ ಬಿಎಸ್‌ಎಫ್ ಜವಾನನೊಬ್ಬ ಊಟದ ವಿಡಿಯೋ ಮಾಡಿ ಹಾಕಿದ್ದ, ನೆನಪಿದೆಯಾ? ಸುಟ್ಟ ರೊಟ್ಟಿ. ಅರಿಶಿನ, ಉಪ್ಪು ಬಿಟ್ಟರೆ ಇನ್ನೇನೂ ಇಲ್ಲ ಅಂದಿದ್ದ ನೀರು ದಾಲ್. ಅದೂ ರೇಷನ್ ವಿಡಿಯೋನೇ. ತಾಜಾ ಮಾಲು. ಆರೋಪ ಸುಳ್ಳು ಅಂದರು, ವಿಚಾರಣೆ ಮಾಡಿದರು, ಏಪ್ರಿಲ್‌ನಲ್ಲಿ ಕೆಲಸದಿಂದಲೇ ಕಿತ್ತುಹಾಕಿದರು. ಪಡೆಯ ಮಾನ ಹರಾಜು ಹಾಕಿದ ಅಂತ ಟಿವಿ ಮುಂದೆ ಕೂತು, ಬಿಸಿ ಊಟ ಮಾಡುತ್ತಾ, ಎಷ್ಟು ಜನ ಬೈದರು! ಸತ್ತ ಸೈನಿಕನ ಡಬ್ಬಿ ಬಿಚ್ಚಿದರೆ ಚಪ್ಪಾಳೆ. ಬದುಕಿರುವವನು ತನ್ನ ತಟ್ಟೆ ತೋರಿಸಿದರೆ ನೋಟಿಸು. ಇದರಲ್ಲಿ ತಮಾಷೆ ಹುಡುಕಿ ಹುಡುಕಿ ನನಗೂ ಸಾಕಾಗಿದೆ.

ಇರಲಿ, ವ್ಯಾಪಾರದ ಮಾತಾಡೋಣ. ನಕಲು ಮಾಡುವ ಕಂಪನಿಗಳಿಗೆ ಆ ದಾಲಿಗಿಂತ ಅಗ್ಗದ ಮಾಲು ಸಿಗಲಿಕ್ಕಿಲ್ಲ. ಬೇಕಾದ್ದು ಮೂರೇ ಸಾಮಾನು. ಮೇಣದ ರಟ್ಟು ಬೇಡ, ಬಣ್ಣದ ಜಗಳ ಇಲ್ಲ. ಗಿರಾಕಿ ಮಾತ್ರ ಇನ್ನೊಂದು ಎಂಬತ್ತು ವರ್ಷ ಕಾಯಬೇಕಾಗಬಹುದು.